ಮನೆಯೊಳಗೆ ಗುಂಗುರು ಸಾಕುವ ಕ್ರಮ

ಮೊದಲು ಒಂದು ಪೊಟ್ಟಣ ಟೊಮೆಟೊ ಬೀಜ ತನ್ನಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ ಸಿಕ್ಕರೆ ಬಹಳ ಒಳ್ಳೆಯದು. ಎಲೆ ಮುಟುರು ನಂಜು, ದುಂಡಾಣು ಸೊರಗು, ಅಂಗಮಾರಿ, ಈ ಮೂರನ್ನೂ ತಡೆದುಕೊಳ್ಳುವ ಹೈಬ್ರಿಡ್ ತಳಿ ಅದು. ವಿಜ್ಞಾನಿಗಳು ಮೂರು ದಿಕ್ಕಿಗೆ ಬೇಲಿ ಕಟ್ಟಿ ಕೊಟ್ಟಿದ್ದಾರೆ. ನಾಲ್ಕನೆಯ ದಿಕ್ಕನ್ನು ತೆರೆದಿಡುವ ಜವಾಬ್ದಾರಿ ನಿಮ್ಮದು.

ಆ ದಿಕ್ಕಿನಿಂದ ಬರುವವರ ಪರಿಚಯ ಮಾಡಿಕೊಳ್ಳಿ. ಕಪ್ಪು ಮೈ, ಎರಡು ಮೂರು ಮಿಲಿಮೀಟರ್ ಉದ್ದ, ಸೊಳ್ಳೆಯ ಹಾಗೆ ನೀಳ ಕಾಲು, ಮಣಿ ಪೋಣಿಸಿದಂಥ ಮೀಸೆ. ಕುಂಡದ ಮಣ್ಣಿನ ಮೇಲೆ ಸರಸರ ಓಡುತ್ತದೆ. ಮುಟ್ಟಲು ಹೋದರೆ ಹಾರುತ್ತದೆ. ಹಾರಿದರೂ ದೂರ ಹೋಗಲಾರದೆ ನಿಮ್ಮ ಮೂಗಿನ ಮುಂದೆಯೇ ತೂರಾಡುತ್ತದೆ. ಕಚ್ಚುವುದಿಲ್ಲ. ಇಂಗ್ಲಿಷಿನವರು ಫಂಗಸ್ ನ್ಯಾಟ್ ಎನ್ನುತ್ತಾರೆ. ಬೂಷ್ಟು ತಿಂದು ಬದುಕುವ ಗುಂಗುರು ಎಂದು ನಾವು ಇಟ್ಟುಕೊಳ್ಳೋಣ. ನಮ್ಮಲ್ಲಿ ಗುಂಗುರು, ನೊರಜು, ಗುಂಗಾಡ ಎಂದು ಊರಿಗೊಂದು ಹೆಸರಿದೆ. ಕಣ್ಣಿಗೆ ಮುತ್ತುವ ಹುಳಕ್ಕೂ ಬಾಳೆಹಣ್ಣಿಗೆ ಮುತ್ತುವ ನೊಣಕ್ಕೂ ಇವೇ ಹೆಸರು ಸಲ್ಲುವುದರಿಂದ ಗೊಂದಲಕ್ಕೆ ಒಳ್ಳೆಯ ಅವಕಾಶ. ಕಳೆದುಕೊಳ್ಳಬೇಡಿ. ಮೊದಲ ಹತ್ತು ದಿನ ಇದನ್ನು ಹಣ್ಣಿನ ನೊಣವೆಂದೇ ನಂಬಿ. ಬಾಳೆಹಣ್ಣನ್ನು ಫ್ರಿಜ್ಜಿನ ಮೇಲಿಂದ ತೆಗೆದು ಒಳಗಿಡಿ. ಹಣ್ಣು ತಂದವರನ್ನು ಬೈಯಿರಿ. ಸಿಂಕಿನ ಕೆಳಗಿನ ಕಸದ ಬುಟ್ಟಿಯನ್ನು ದಿನಕ್ಕೆರಡು ಸಲ ತೊಳೆಯಿರಿ. ಮುಂದಿನ ಹತ್ತು ದಿನ ಸೊಳ್ಳೆಯೆಂದು ನಂಬಿ. ಸಂಜೆ ಆರಕ್ಕೆ ಕಿಟಕಿ ಮುಚ್ಚಿ, ಬ್ಯಾಟು ಬೀಸಿ. ಹುಳಕ್ಕೆ ಈ ಇಪ್ಪತ್ತು ದಿನ ಸಾಕು. ಯಾಕೆ ಸಾಕು ಎಂಬ ಲೆಕ್ಕ ಮುಂದೆ ಬರುತ್ತದೆ.

ಈಗ ಜಾಗ ಗೊತ್ತುಮಾಡಿ. ಬಾಲ್ಕನಿ ಬೇಡ. ಅಲ್ಲಿ ಬಿಸಿಲಿದೆ, ಗಾಳಿಯಿದೆ, ಎರಡೂ ನಮ್ಮ ಉದ್ದೇಶಕ್ಕೆ ಮಾರಕ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿದ್ದರೆ ಟ್ರೇಯನ್ನು ಒಳಗೆ ತರಲು ಪಾರಿವಾಳದ ನೆಪ ಸಿದ್ಧವಾಗಿರುತ್ತದೆ. ಮೊಳಕೆ ಕಿತ್ತು ಹಾಕುತ್ತವೆ, ಕುಂಡದಲ್ಲೇ ಗೂಡು ಕಟ್ಟುತ್ತವೆ ಎಂದು ಮನೆಯವರಿಗೆ ಹೇಳಿ. ಅದು ಸುಳ್ಳೂ ಅಲ್ಲ. 98 ಕುಳಿಗಳ ಪ್ರೋಟ್ರೇಯನ್ನು ಅಡುಗೆಮನೆಗೂ ಊಟದ ಮೇಜಿಗೂ ನಡುವಿನ ಕಿಟಕಿಯ ಕಟ್ಟೆಯ ಮೇಲಿಡಿ. ಕಿಟಕಿಯಾಚೆ ಪಕ್ಕದ ಕಟ್ಟಡದ ಗೋಡೆ ಕೈಗೆ ಸಿಗುವಷ್ಟು ಹತ್ತಿರವಿದ್ದರೆ ನೀವು ಪುಣ್ಯವಂತರು. ಸಸಿಗಳು ಬೆಳಕು ಹುಡುಕುತ್ತ ಕತ್ತು ನೀಡಿ ನೀಡಿ ನೂಲಿನಷ್ಟು ತೆಳ್ಳಗಾಗುತ್ತವೆ. ಮಣ್ಣು ಒಣಗುವುದನ್ನೇ ಮರೆಯುತ್ತದೆ.

ಬಿತ್ತನೆಗೆ ಆಷಾಢದ ಮೊದಲ ವಾರ ಪ್ರಶಸ್ತ. ಮದುವೆ ಮುಂಜಿಗೆ ಬಾರದ ಮಾಸ ಈ ಕೆಲಸಕ್ಕೆ ಬಹಳ ಚೆನ್ನಾಗಿ ಬರುತ್ತದೆ. ಮೋಡ, ತುಂತುರು, ವಾರಗಟ್ಟಲೆ ಮುಖ ತೋರಿಸದ ಸೂರ್ಯ. ಗಾಳಿ ಜೋರೆಂದು ಕಿಟಕಿ ಮುಚ್ಚಿ, ಚಳಿಯೆಂದು ಫ್ಯಾನು ಆರಿಸಿ. ಗುಂಗುರಿಗೆ ಹಾರುವ ತ್ರಾಣ ಕಡಿಮೆ. ಒಂದು ಪುಟ್ಟ ಟೇಬಲ್ ಫ್ಯಾನಿನ ಗಾಳಿ ಟ್ರೇಯ ಮೇಲೆ ಆಡುತ್ತಿದ್ದರೂ ಅದಕ್ಕೆ ಇಳಿದು ಮೊಟ್ಟೆಯಿಡಲು ಕಷ್ಟ. ಮಣ್ಣಿನ ಮೇಲ್ಪದರವೂ ಒಣಗಿಬಿಡುತ್ತದೆ. ಅಂಥ ಅಚಾತುರ್ಯ ಆಗದಂತೆ ಟೇಬಲ್ ಫ್ಯಾನನ್ನು ಅಟ್ಟಕ್ಕೆ ಹಾಕಿ.

ಮಣ್ಣಿನ ಮಿಶ್ರಣದಲ್ಲಿ ಜಿಪುಣತನ ಮಾಡಬೇಡಿ. ಅರ್ಧ ಕೋಕೋಪೀಟು, ಅರ್ಧ ಎರೆಗೊಬ್ಬರ. ತೆಂಗಿನ ಸಿಪ್ಪೆಯಿಂದ ನಾರು ತೆಗೆದ ಮೇಲೆ ಉಳಿಯುವ ಈ ಪುಡಿ ತನ್ನ ತೂಕದ ಹಲವು ಪಟ್ಟು ನೀರು ಹಿಡಿದಿಟ್ಟುಕೊಳ್ಳುತ್ತದೆ. ಅದಕ್ಕಿಂತ ದೊಡ್ಡ ಗುಣ ಅದರ ಮುಖವಾಡ. ಮೇಲೆ ತಿಳಿ ಕಂದು ಬಣ್ಣಕ್ಕೆ ತಿರುಗಿ ಒಣಗಿ ಬಿರಿದಂತೆ ಕಾಣುತ್ತದೆ, ಅರ್ಧ ಇಂಚು ಕೆಳಗೆ ಕೆಸರು. ಕಣ್ಣಿಗೆ ಕಂಡದ್ದನ್ನು ನಂಬುವವರಿಗಾಗಿಯೇ ದೇವರು ಮಾಡಿದ ವಸ್ತು. ಬೆರಳು ಚುಚ್ಚಿ ನೋಡಿದರೆ ಗುಟ್ಟು ರಟ್ಟಾಗುತ್ತದೆ, ಚುಚ್ಚಬೇಡಿ.

ಗೊಬ್ಬರ ಅರ್ಧ ಕಳಿತಿರಲಿ. ಪೂರ್ತಿ ಕಳಿತು ಮಳೆ ಬಿದ್ದ ಮಣ್ಣಿನ ವಾಸನೆ ಬರುವ ಗೊಬ್ಬರದಲ್ಲಿ ಬೂಷ್ಟಿಗೆ ಕೆಲಸ ಕಡಿಮೆ. ನಾನು ಗೊಬ್ಬರ ತಂದ ನರ್ಸರಿಯವರು ಐದು ಕೆಜಿಯ ಚೀಲಕ್ಕೆ ಒಪ್ಪವಾಗಿ ಹೊಲಿಗೆ ಹಾಕಿ ಕೊಟ್ಟಿದ್ದರು. ಹೊಲಿಗೆ ಬಿಚ್ಚಿದಾಗ ಒಳಗಿನಿಂದ ಮೂರು ಹುಳ ಎದ್ದು ಬಂದವು. ‘ಸಾವಯವ’ ಎಂದು ಚೀಲದ ಮೇಲೆ ಬರೆದದ್ದಕ್ಕೆ ಇದೇ ಸಾಕ್ಷಿಯೆಂದು ನಾನು ಹಿಗ್ಗಿದೆ. ನೀವೂ ಹಿಗ್ಗಿ. ಅರ್ಧ ಚೀಲ ಬಳಸಿ, ಉಳಿದರ್ಧವನ್ನು ಬಾಯಿ ಕಟ್ಟದೆ ಯುಟಿಲಿಟಿಯಲ್ಲಿ ವಾಷಿಂಗ್ ಮೆಷಿನ್ ಪಕ್ಕಕ್ಕೆ ಒರಗಿಸಿ. ಮಳೆಯ ಎರಚಲು ಬೀಳುವ ಮೂಲೆಯಾದರೆ ಶ್ರೇಷ್ಠ. ಬೇಸಗೆಯಲ್ಲಿ ಸಸಿಮಡಿಗೆ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿ ನಾಲ್ಕಾರು ವಾರ ಬಿಸಿಲಿನಲ್ಲೇ ಮಣ್ಣು ಬೇಯಿಸುವ ರೈತರಿದ್ದಾರೆ. ಕುಂಡದ ಮಣ್ಣಿಗೆ ಕುದಿಯುವ ನೀರು ಹೊಯ್ದು, ಆರಿಸಿ, ಆಮೇಲೆ ಬಿತ್ತುವ ಗೃಹಿಣಿಯರೂ ಇದ್ದಾರೆ. ನಾವು ಅಹಿಂಸಾವಾದಿಗಳು, ಆ ದಾರಿ ಹಿಡಿಯುವುದು ಬೇಡ.

ಬೀಜ ಬಿತ್ತಿದ ಮೇಲೆ ನೈವೇದ್ಯ ಶುರುಮಾಡಿ. ಫಿಲ್ಟರಿನಲ್ಲಿ ಉಳಿದ ಕಾಫಿ ಚರಟವನ್ನು ಬಿಸಿಯಾರುವ ಮುನ್ನ ಟ್ರೇಯ ಮೇಲೆ ಹರಡಿ. ಎರಡು ದಿನದಲ್ಲಿ ಅದರ ಮೇಲೆ ಬಿಳಿ ಬೂಷ್ಟು ಹತ್ತಿಯಂತೆ ಅರಳುತ್ತದೆ. ಹೂವು ಬಿಡುವ ಮುಂಚೆ ಸಿಗುವ ಹೂವು ಅದು. ಟೀ ಸೊಪ್ಪು ಹಾಕಿ. ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು, ಮಜ್ಜಿಗೆ ಲೋಟ ಅಲುಬಿದ ನೀರು, ಯಾವುದನ್ನೂ ಸಿಂಕಿಗೆ ಚೆಲ್ಲಬೇಡಿ. ಊರಿನಲ್ಲಿ ಕಲಗಚ್ಚು ಕುಡಿಯಲು ಎಮ್ಮೆ ಇರುತ್ತಿತ್ತು. ಮೂರನೆಯ ಮಹಡಿಯಲ್ಲಿ ಆ ಸ್ಥಾನ ಟೊಮೆಟೊ ಸಸಿಯದು. ಉತ್ಸಾಹಿಗಳು ಜೀವಾಮೃತವನ್ನೂ ಮಾಡಿ. 200 ಲೀಟರ್ ನೀರು, ಹತ್ತು ಕೆಜಿ ಸಗಣಿ, ಗಂಜಲ, ಎರಡು ಕೆಜಿ ಬೆಲ್ಲ, ಎರಡು ಕೆಜಿ ದ್ವಿದಳ ಹಿಟ್ಟು, ಒಂದು ಹಿಡಿ ಮಣ್ಣು. ಇದು ಒಂದು ಎಕರೆಯ ಅಳತೆ. ನಿಮ್ಮ ಟ್ರೇ ಎರಡು ಚದರ ಅಡಿಗಿಂತ ಚಿಕ್ಕದು; ಒಂದು ಮಗ್ಗು ಸಾಕೆಂದು ನಿಮಗೆ ಅನ್ನಿಸುತ್ತದೆ. ಅನ್ನಿಸಿದ್ದನ್ನು ಮಾಡಿ.

ಈಗ ನೀರು. ಈ ವಿದ್ಯೆಯ ಜೀವಾಳ ಇಲ್ಲಿದೆ, ಆದ್ದರಿಂದ ನಿಧಾನವಾಗಿ ಓದಿ.

ಗುಂಗುರು ಒಣ ಮಣ್ಣಿನಲ್ಲಿ ಮೊಟ್ಟೆಯಿಡಲು ಹಿಂದೆಗೆಯುತ್ತದೆ. ಇಟ್ಟರೂ ಮೊಟ್ಟೆ, ಮರಿ ಎರಡೂ ಒಣಗಿ ಹೋಗುತ್ತವೆ. ಅದರ ಮರಿಹುಳಗಳು, ಅಂದರೆ ಗಾಜಿನ ಎಳೆಯಂಥ ಬಿಳಿ ಮೈ, ಮಿರುಗುವ ಕರಿ ತಲೆಯ ಅರ್ಧ ಸೆಂಟಿಮೀಟರಿನ ಜೀವಗಳು, ಮಣ್ಣಿನ ಮೇಲಿನ ಎರಡು ಮೂರು ಇಂಚಿನಲ್ಲೇ ವಾಸ ಮಾಡುತ್ತವೆ. ಆ ಎರಡು ಮೂರು ಇಂಚು ನೀರು ಹಾಕುವ ನಡುವೆ ಒಂದಿಷ್ಟು ಒಣಗಿತೋ, ಕಥೆ ಮುಗಿಯಿತು. ನಿಮ್ಮ ಎಲ್ಲ ಶ್ರಮವೂ ಅದನ್ನು ಒಣಗಲು ಬಿಡದಿರುವುದರಲ್ಲಿ ಇರಲಿ. ಒಬ್ಬರೇ ಇದನ್ನು ಮಾಡಲು ಹೋದರೆ ಒಂದು ದಿನವಾದರೂ ಮರೆಯುತ್ತೀರಿ. ಹಾಗಾಗಿ ಮನೆಮಂದಿಯನ್ನೆಲ್ಲ ಸೇರಿಸಿಕೊಳ್ಳಿ, ಆದರೆ ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ತಿಳಿಯದಂತೆ ನೋಡಿಕೊಳ್ಳಿ. ಬೆಳಗ್ಗೆ ಕಾಫಿ ಲೋಟ ಹಿಡಿದು ನೀವು ಒಂದು ಸುತ್ತು ಹಾಕಿ. ಪೂಜೆಯಾದ ಮೇಲೆ ಪಂಚಪಾತ್ರೆಯ ನೀರು ಗಿಡಕ್ಕೇ ಬೀಳಲಿ. ತುಳಸಿ ಬಾಲ್ಕನಿಯಲ್ಲಿದೆ, ಟ್ರೇ ಹತ್ತಿರದಲ್ಲಿದೆ. ಶಾಲೆಯಿಂದ ಬಂದ ಮಗು ತನ್ನ ಬಾಟಲಿಯಲ್ಲಿ ಉಳಿದ ನೀರನ್ನು ಸುರಿದರೆ ಪರಿಸರಪ್ರೇಮವೆಂದು ಬೆನ್ನು ತಟ್ಟಿ. ಮಧ್ಯಾಹ್ನದ ಪಾಳಿಗೆ ಹಿರಿಯರೊಬ್ಬರು ಇದ್ದರೆ ಇನ್ನೇನೂ ಬೇಡ. ‘ಬಾಡಿಹೋಗಿದ್ವು ಪಾಪ, ಒಂದು ಚೊಂಬು ನೀರು ಹಾಕಿದೀನಿ ಅಳಿಯಂದ್ರೇ’ ಎಂದು ನಮ್ಮ ಅತ್ತೆಯವರು ಸಂಜೆ ವರದಿ ಕೊಡುತ್ತಿದ್ದರು. ನಾನು ಆಗಲೇ ಇನ್ನೊಂದು ಚೊಂಬು ಹಾಕಿ ಬಂದಿರುತ್ತಿದ್ದೆ.

ಟ್ರೇಯನ್ನು ತಟ್ಟೆಯ ನೀರಿನಲ್ಲಿ ಅರ್ಧ ಗಂಟೆ ಕೂರಿಸಿ, ಬೇರು ಕೆಳಗಿನಿಂದ ಹೀರಿಕೊಳ್ಳಲು ಬಿಟ್ಟು, ಉಳಿದ ನೀರನ್ನು ಚೆಲ್ಲುವ ಪದ್ಧತಿಯೊಂದಿದೆ. ಮೇಲ್ಪದರ ಒಣಗಿರುತ್ತದೆ, ಬೇರಿಗೆ ನೀರು ಸಿಗುತ್ತದೆ. ಇದರ ಮೊದಲರ್ಧವನ್ನು ಮಾತ್ರ ಪಾಲಿಸಿ. ತಟ್ಟೆಯಲ್ಲಿ ನೀರು ನಿಂತೇ ಇರಲಿ, ಮೇಲಿನಿಂದಲೂ ಹಾಕುತ್ತಿರಿ. ಮಣ್ಣಿನ ಮೇಲೆ ಹಸಿರು ಪಾಚಿ ಕಟ್ಟಿದಾಗ ನೀವು ಸರಿದಾರಿಯಲ್ಲಿದ್ದೀರಿ ಎಂದು ತಿಳಿಯಿರಿ. ಪಾಚಿಯೂ ಅವುಗಳಿಗೆ ಊಟವೇ. ಅತಿಥಿಗಳು ಕೇಳಿದರೆ ಹಸಿರು ನಮ್ಮ ಕೈಗುಣ ಎನ್ನಿ.

ಇನ್ನು ಲೆಕ್ಕ. ಒಂದು ಹೆಣ್ಣು ಗುಂಗುರು ತನ್ನ ಒಂದು ವಾರ, ಹತ್ತು ದಿನದ ಆಯುಸ್ಸಿನಲ್ಲಿ 200ರವರೆಗೆ ಮೊಟ್ಟೆ ಇಡುತ್ತದೆ. ನಾಲ್ಕಾರು ದಿನದಲ್ಲಿ ಮರಿ, ಎರಡು ವಾರ ತಿನ್ನುವ ಕೆಲಸ, ಮೂರು ನಾಲ್ಕು ದಿನ ಕೋಶದಲ್ಲಿ ನಿದ್ದೆ, ಆಮೇಲೆ ರೆಕ್ಕೆ. ಮೂರರಿಂದ ನಾಲ್ಕು ವಾರಕ್ಕೆ ಒಂದು ತಲೆಮಾರು. ಇನ್ನೂರರಲ್ಲಿ ಅರ್ಧ ಹೆಣ್ಣೆಂದು ಹಿಡಿದರೆ, ಒಂದು ಹೆಣ್ಣಿನಿಂದ ನೂರು ಹೆಣ್ಣು, ಆ ನೂರರಿಂದ 20,000 ಮೊಟ್ಟೆ. ಬ್ಯಾಂಕಿನಲ್ಲಿ ಇಂಥ ಚಕ್ರಬಡ್ಡಿ ಕೊಡುವವರಿಲ್ಲ. ಎಲ್ಲವೂ ಬದುಕುವುದಿಲ್ಲ ನಿಜ. ಆದರೆ ನೀವು ಮೇಲಿನ ಕ್ರಮ ಪಾಲಿಸಿದ್ದರೆ ಸಾಯಲು ಅವಕ್ಕೆ ಕಾರಣವೂ ಇರುವುದಿಲ್ಲ. ನೀವು ಬಾಳೆಹಣ್ಣನ್ನು ಫ್ರಿಜ್ಜಿಗಿಟ್ಟು, ಬ್ಯಾಟು ಬೀಸಿ ಕಳೆದ ಇಪ್ಪತ್ತು ದಿನದ ಬೆಲೆ ಈಗ ಗೊತ್ತಾಯಿತಲ್ಲ?

ಇವುಗಳ ಕುಟುಂಬ ವ್ಯವಹಾರ ಕೇಳಿದರೆ ನಿಮಗೆ ಗೌರವ ಹುಟ್ಟುತ್ತದೆ. ಬ್ರಾಡಿಸಿಯಾ ಎಂಬ ಕುಲದ ಕೆಲವು ಗುಂಗುರುಗಳಲ್ಲಿ ಒಬ್ಬ ತಾಯಿಗೆ ಹುಟ್ಟುವುದೆಲ್ಲ ಹೆಣ್ಣು, ಇನ್ನೊಬ್ಬಳಿಗೆ ಹುಟ್ಟುವುದೆಲ್ಲ ಗಂಡು. ಗಂಡು ಹುಳ ವೀರ್ಯ ತಯಾರಿಸುವಾಗ ತಂದೆಯಿಂದ ಬಂದ ಕ್ರೋಮೋಸೋಮುಗಳನ್ನೆಲ್ಲ ಹೊರಗೆಸೆದು, ತಾಯಿಯಿಂದ ಬಂದದ್ದನ್ನಷ್ಟೇ ಮಕ್ಕಳಿಗೆ ದಾಟಿಸುತ್ತದೆ. ತುಳುನಾಡಿನವರು ಆಸ್ತಿಯಲ್ಲಿ ಅಳಿಯಕಟ್ಟು ಮಾಡಿಕೊಂಡರು, ಇವು ರಕ್ತದಲ್ಲೇ ಮಾಡಿಕೊಂಡಿವೆ. ಯಾವ ಕ್ರೋಮೋಸೋಮು ತಂದೆಯದು, ಯಾವುದು ತಾಯಿಯದು ಎಂಬ ಗುರುತು ಅದರ ಮೇಲೆಯೇ ಇರುತ್ತದೆಂದು ಹೇಳಲು ಹೆಲೆನ್ ಕ್ರೌಸ್ ಎಂಬ ವಿಜ್ಞಾನಿ 1960ರಲ್ಲಿ ‘ಇಂಪ್ರಿಂಟಿಂಗ್’ ಎಂಬ ಮಾತು ಬಳಸಿದ್ದು ಈ ಹುಳದ ಮೇಲೆ ಕೆಲಸ ಮಾಡುತ್ತಲೇ. ಈಗ ಮನುಷ್ಯರ ವಂಶವಾಹಿ ಕಾಯಿಲೆಗಳ ಪಾಠದಲ್ಲೂ ಅದೇ ಮಾತು ಬರುತ್ತದೆ. ನಿಮ್ಮ ಕಾಫಿಯಲ್ಲಿ ಬಿದ್ದು ಸಾಯುವುದು ಸಾಮಾನ್ಯ ಮನೆತನದ ಹುಳವಲ್ಲ.

ಮೂರನೆಯ ವಾರಕ್ಕೆ ಸಸಿಗಳು ಬಾಡಲು ಶುರುವಾಗುತ್ತವೆ. ಇದು ನಿರ್ಣಾಯಕ ಘಟ್ಟ, ಎದೆಗುಂದಬೇಡಿ. ಒಳಗೆ ನಡೆದಿರುವುದು ಇಷ್ಟು: ಬೂಷ್ಟು, ಪಾಚಿ, ಕಾಫಿ ಚರಟ ಎಲ್ಲ ತಿಂದು ಮುಗಿಸಿದ ಮರಿಗಳು ಬಾಯಿರುಚಿಗೆ ಎಳೆಯ ಬೇರಿನ ರೋಮಗಳಿಗೆ ಕೈಹಾಕಿವೆ. ದೊಡ್ಡ ಗಿಡಕ್ಕೆ ಇದು ಲೆಕ್ಕಕ್ಕಿಲ್ಲ. ಎರಡೆಲೆಯ ಸಸಿಗೆ ಇರುವುದೇ ಅಷ್ಟು ಬೇರು. ಮರಿ ಕಡಿದ ಗಾಯದಿಂದ ಪಿಥಿಯಂನಂಥ ರೋಗಾಣುಗಳು ಒಳನುಗ್ಗಿ ಬುಡ ಕೊಳೆಸುತ್ತವೆ. ರಾತ್ರಿ ನೆಟ್ಟಗೆ ನಿಂತಿದ್ದ ಸಸಿ ಬೆಳಗ್ಗೆ ಬುಡದಲ್ಲಿ ದಾರದಂತೆ ಸಪೂರವಾಗಿ ಮಗುಚಿ ಮಲಗಿರುತ್ತದೆ. ಇಲ್ಲೇ ಈ ಹುಳದ ಜಾಣತನ. ಬೇರು ಕಳೆದುಕೊಂಡ ಸಸಿ ನೀರೇ ಸಿಗದೆ ಬಾಡಿದ ಸಸಿಯಂತೆಯೇ ಕಾಣುತ್ತದೆ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಕನಿಕರ ಇರುವ ಯಾರಾದರೂ ಏನು ಮಾಡುತ್ತಾರೋ ಅದನ್ನೇ ಮಾಡಿ. ಒಂದು ಚೊಂಬು ನೀರು ಹಾಕಿ. ಸಂಜೆಗೂ ಬಾಡಿದ್ದರೆ ಇನ್ನೊಂದು ಹಾಕಿ. ಹಸಿವಾಗಿರಬೇಕು ಎಂದು ಸಂಶಯ ಬಂದರೆ ಒಂದು ಹಿಡಿ ಕಡಲೆಕಾಯಿ ಹಿಂಡಿ ಉದುರಿಸಿ. ಇದನ್ನು ಓದುತ್ತಿರುವವರಲ್ಲಿ ಬಹಳ ಜನ ಈ ಘಟ್ಟವನ್ನು ಯಾರ ಮಾರ್ಗದರ್ಶನವೂ ಇಲ್ಲದೆ ದಾಟಿರುತ್ತೀರಿ, ನನಗೆ ಗೊತ್ತು.

ಹುಳ ಗುಂಪು ಗುಂಪಾಗಿ ಎದ್ದಾಗ ಮನೆಯವರ ಸಮಾಧಾನಕ್ಕಾದರೂ ಚಿಕಿತ್ಸೆ ಮಾಡಬೇಕಾಗುತ್ತದೆ. ಮಾಡಿ. ಒಂದೇ ನಿಯಮ ನೆನಪಿಡಿ: ಕಣ್ಣಿಗೆ ಕಾಣುವ ಹಾರುವ ಹುಳದ ಮೇಲೆ ಮಾತ್ರ ಯುದ್ಧ, ಮಣ್ಣಿನ ಕಡೆ ತಿರುಗಿಯೂ ನೋಡಬಾರದು. ಹಾರುವುದು ಹೇಗೂ ವಾರದಲ್ಲಿ ಸಾಯುವ ಮುದುಕರ ಪಡೆ. ಮುಂದಿನ ಸೈನ್ಯ ಕೆಳಗೆ ಊಟ ಮಾಡುತ್ತಿದೆ.

ಹಳದಿ ಅಂಟುಹಾಳೆ ತನ್ನಿ. ಗುಂಗುರಿಗೆ ಹಳದಿಯೆಂದರೆ ಪ್ರಾಣ, ಇದು ಸತ್ಯ. ಹಳದಿ ತಗಡಿಗೆ ಹರಳೆಣ್ಣೆ ಸವರಿ ಹೊಲದಲ್ಲಿ ನಿಲ್ಲಿಸುವುದು ರೈತರಿಗೂ ಗೊತ್ತು. ಹಾಳೆಯನ್ನು ಕುಂಡದ ಮಣ್ಣಿಗೆ ತಾಗುವಷ್ಟು ಕೆಳಗೆ ಅಡ್ಡ ಮಲಗಿಸಿದರೆ ಕೋಶ ಬಿಟ್ಟು ಏಳುವ ಹುಳ ಅಲ್ಲೇ ಸಿಕ್ಕಿಬೀಳುತ್ತದೆ. ನೀವು ಹಾಲಿನ ದೀಪದ ಪಕ್ಕ ಆರಡಿ ಎತ್ತರಕ್ಕೆ ತೂಗುಹಾಕಿ. ಮೊದಲು ನಿಮ್ಮ ಕೂದಲು ಅಂಟುತ್ತದೆ, ಆಮೇಲೆ ನೆಂಟರದು. ನಡುವೆ ಹನ್ನೆರಡು ಹುಳ ಅಂಟಿದರೆ ಎಣಿಸಿ, ಫೋಟೊ ತೆಗೆದು, ಗೆದ್ದೆವೆಂದು ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ. ಬಟ್ಟಲಲ್ಲಿ ವಿನೆಗರ್ ಇಡಿ. ಅದಕ್ಕೆ ಬರುವುದು ಹೆಚ್ಚಾಗಿ ಹಣ್ಣಿನ ನೊಣ, ಆದರೂ ಇಡಿ. ಸಂಜೆ ಸಾಂಬ್ರಾಣಿ ಹಾಕಿ. ನೀವು ಕೆಮ್ಮುತ್ತೀರಿ, ಅವು ಕೆಮ್ಮುವುದಿಲ್ಲ. ದಾಲ್ಚಿನ್ನಿ ಪುಡಿ ಉದುರಿಸಿ. ಮನೆಯೆಲ್ಲ ಪಲಾವಿನ ಘಮ ಬಂದು ಊಟದ ಹೊತ್ತಿಗೆ ನಿರಾಸೆಯಾಗುತ್ತದೆ. ಬೇವಿನೆಣ್ಣೆಯನ್ನು ಸೋಪು ಬೆರೆಸದೆ ನೀರಿಗೆ ಹಾಕಿ, ಮೇಲೆ ತೇಲುತ್ತಿರುವಾಗಲೇ ಎಲೆಗೆ ಸಿಂಪಡಿಸಿ. ಹುಳ ಇರುವುದು ಮಣ್ಣಿನಲ್ಲಿ ಎಂದು ಯಾರಾದರೂ ನೆನಪಿಸಿದರೆ, ಬೇವು ಎಲ್ಲಕ್ಕೂ ಒಳ್ಳೆಯದು ಎನ್ನಿ. ಆ ಮಾತಿಗೆ ಎದುರಾಡಿದವರನ್ನು ನಾನು ಈವರೆಗೆ ಕಂಡಿಲ್ಲ.

ಆಲೂಗಡ್ಡೆಯ ಉಪಾಯ ಸ್ವಲ್ಪ ನಾಜೂಕು. ಸಿಪ್ಪೆ ಹೆರೆದು ಬಿಲ್ಲೆ ಮಾಡಿ ಮಣ್ಣಿನ ಮೇಲೆ ಒತ್ತಿಟ್ಟರೆ ಎರಡು ದಿನದಲ್ಲಿ ಮರಿಗಳು ಅದರ ತಳಕ್ಕೆ ಮುತ್ತಿಕೊಳ್ಳುತ್ತವೆ. ಬಿಲ್ಲೆ ಎತ್ತಿ ನೋಡಿದರೆ ಎಷ್ಟಿವೆ ಎಂದು ತಿಳಿಯುತ್ತದೆ, ಬಿಲ್ಲೆ ಸಮೇತ ಬಿಸಾಡಲೂಬಹುದು. ಆದ್ದರಿಂದ ಎತ್ತಬೇಡಿ. ಇಟ್ಟು ಮರೆತುಬಿಡಿ. ವಾರದ ಹೊತ್ತಿಗೆ ಅದು ಬಲೆಯಾಗಿ ಉಳಿಯದೆ ಅನ್ನಛತ್ರವಾಗಿರುತ್ತದೆ.

ಬಿ.ಟಿ.ಐ. ವಿಚಾರದಲ್ಲಿ ಮಾತ್ರ ಮೈಯೆಲ್ಲ ಕಣ್ಣಾಗಿರಿ, ಏಕೆಂದರೆ ಅದು ಕೆಲಸ ಮಾಡುತ್ತದೆ. ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಇಸ್ರೇಲೆನ್ಸಿಸ್ ಎಂಬ ಈ ಬ್ಯಾಕ್ಟೀರಿಯ 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ, ಸೊಳ್ಳೆಮರಿಗಳು ಸತ್ತು ತೇಲುತ್ತಿದ್ದ ಒಂದು ಹೊಂಡದಲ್ಲಿ ಸಿಕ್ಕಿದ್ದು. ಮರಿ ಅದನ್ನು ನುಂಗಿದರೆ ಅದರ ಪ್ರೋಟೀನಿನ ಹರಳು ಕ್ಷಾರವಿರುವ ಕರುಳಿನಲ್ಲಿ ಕರಗಿ ವಿಷವಾಗುತ್ತದೆ. ಸೊಳ್ಳೆಮರಿಯ ಮೇಲೂ ಗುಂಗುರಿನ ಮರಿಯ ಮೇಲೂ ನಡೆಯುತ್ತದೆ, ಮನುಷ್ಯರಿಗೆ ಏನೂ ಮಾಡುವುದಿಲ್ಲ. ಅಪಾಯದಿಂದ ಪಾರಾಗಲು ಎರಡು ದಾರಿಗಳಿವೆ. ಒಂದು, ಅಂಗಡಿಯಲ್ಲಿ ಬರೀ ‘ಬಿ.ಟಿ. ಕೊಡಿ’ ಎಂದು ಕೇಳಿ. ಎಲೆ ತಿನ್ನುವ ಕಂಬಳಿಹುಳಕ್ಕೆಂದು ಮಾಡಿದ ಕುರ್ಸ್ತಾಕಿ ಎಂಬ ಅದರ ದಾಯಾದಿಯನ್ನು ಕೊಡುತ್ತಾರೆ. ಗುಂಗುರು ಅದನ್ನು ತಿಂದು ತೇಗುತ್ತದೆ. ಎರಡು, ಸರಿಯಾದದ್ದೇ ಸಿಕ್ಕಿಬಿಟ್ಟರೆ ಒಂದೇ ಸಲ ಹಾಕಿ. ಅದರ ಪ್ರಭಾವ ಮಣ್ಣಿನಲ್ಲಿ ಹೆಚ್ಚು ದಿನ ನಿಲ್ಲದು. ವಾರಕ್ಕೊಮ್ಮೆಯಂತೆ ಮೂರು ನಾಲ್ಕು ಸಲ ನೀರಿನಲ್ಲಿ ಬೆರೆಸಿ ಹಾಕಿದವರ ಮನೆಯಲ್ಲಿ ಒಂದು ತಲೆಮಾರೇ ಅಳಿಸಿಹೋಗುತ್ತದೆ. ನೀವು ಒಂದು ಸಲ ಹಾಕಿ, ಮರುದಿನ ಹುಳ ಹಾರುವುದನ್ನು ನೋಡಿ, ‘ಎಲ್ಲ ದುಡ್ಡು ಹೊಡೆಯುವ ದಂಧೆ’ ಎಂದು ಡಬ್ಬಿಯನ್ನು ಮೇಲಿನ ಶೆಲ್ಫಿಗೆ ಸೇರಿಸಿ.

ಹುಳಹಿಡುಕ ಗಿಡ ತರುವ ಯೋಚನೆ ಬಂದರೆ ತಡೆಯಬೇಡಿ. ನಮ್ಮ ಘಟ್ಟದ ಜಂಬಿಟ್ಟಿಗೆ ಬಯಲುಗಳಲ್ಲಿ ಮಳೆಗಾಲಕ್ಕೆ ಹುಟ್ಟುವ ಡ್ರೋಸೆರಾದ ಬಳಗದವು ಅವು. ಎಲೆಯ ರೋಮಗಳ ತುದಿಯ ಅಂಟುಹನಿಯಲ್ಲಿ ಗುಂಗುರನ್ನು ಸೊಗಸಾಗಿ ಹಿಡಿಯುತ್ತವೆ. ಆ ಗಿಡ ಬದುಕಲು ಅದರ ಬುಡ ಸದಾ ನೀರಿನಲ್ಲಿರಬೇಕು. ಹಿಡಿಯುವುದನ್ನೂ ಹುಟ್ಟಿಸುವುದನ್ನೂ ಒಂದೇ ಕುಂಡದಲ್ಲಿ ನಡೆಸಬಹುದು.

ಊಟದ ಮೇಜಿನ ಶಿಷ್ಟಾಚಾರವನ್ನೂ ರೂಢಿಸಿಕೊಳ್ಳಿ. ‘ರೀ, ಇದೇನ್ರೀ ಕಾಫೀಲಿ?’ ಎಂಬ ಪ್ರಶ್ನೆ ಬಂದಾಗ ಲೋಟವನ್ನು ಬೆಳಕಿಗೆ ಹಿಡಿದು ‘ಚಿಕೋರಿ’ ಎನ್ನಿ. ಅದು ಕಾಲಾಡಿಸಿದರೆ ಮಾತು ಬದಲಿಸಿ. ನೆಂಟರು ಮುಖ ಸಿಂಡರಿಸಿದರೆ ನ್ಯೂಜಿಲೆಂಡಿನ ವೈಟೊಮೊ ಗುಹೆಯ ಕಥೆ ಹೇಳಿ. ಅಲ್ಲಿ ಜಗತ್ತಿನ ಪ್ರವಾಸಿಗರು ದುಡ್ಡು ಕೊಟ್ಟು, ದೋಣಿಯಲ್ಲಿ ಉಸಿರು ಬಿಗಿಹಿಡಿದು ಕೂತು, ಕತ್ತಲ ಚಾವಣಿಯಲ್ಲಿ ನಕ್ಷತ್ರದಂತೆ ಮಿನುಗುವ ನೀಲಿ ಬೆಳಕನ್ನು ನೋಡುತ್ತಾರೆ. ಆ ಬೆಳಕು ಫಂಗಸ್ ನ್ಯಾಟಿನ ಬಳಗದ್ದೇ ಒಂದು ಮರಿಹುಳದ್ದು. ‘ನಮ್ಮಲ್ಲಿ ಟಿಕೆಟ್ ಇಲ್ಲ’ ಎಂದು ಸೇರಿಸಿ, ಇನ್ನೊಂದು ಚಕ್ಕುಲಿ ಹಾಕಿ.

ಊರಿಗೆ ಫೋನು ಮಾಡಿ ಸಲಹೆ ಕೇಳುವ ತಪ್ಪನ್ನು ಮಾತ್ರ ಮಾಡಬೇಡಿ. ನಾನು ಮಾಡಿದೆ. ಕೋಲಾರದ ಕಡೆ ಇಪ್ಪತ್ತು ವರ್ಷದಿಂದ ಟೊಮೆಟೊ ಬೆಳೆಯುವ ಚಿಕ್ಕಪ್ಪ ಎಲ್ಲ ಕೇಳಿಸಿಕೊಂಡು, ‘ಒಂದ್ಸಲ ಒಣಗಕ್ ಬಿಡೋ ಅದನ್ನ. ಬೇಕಾದ್ರೆ ಗಿಡಾನೇ ಕೇಳ್ತದೆ’ ಎಂದರು. ಅಜ್ಜಿ ಒಟ್ಲು ಹಾಕುತ್ತಿದ್ದ ಕ್ರಮ ಜ್ಞಾಪಿಸಿದರು: ಅಂಗಳದ ಬಿಸಿಲಿನಲ್ಲಿ ಒಂದು ಗೇಣು ಏರಿಸಿದ ಮಡಿ, ಬೀಜದ ಮೇಲೆ ತೆಳ್ಳಗೆ ಮರಳು, ಮೇಲೆ ಒಲೆಯ ಬೂದಿ, ಬೆಳಗ್ಗೆ ಬೇವಿನ ಕೊಂಬೆಯಲ್ಲಿ ಚಿಮುಕಿಸುವಷ್ಟು ನೀರು, ಸಂಜೆಯೊಳಗೆ ಮೇಲ್ಮಣ್ಣು ಬೆಳ್ಳಗಾಗಬೇಕು. ಬೆಳ್ಳಗಾಗದ ದಿನ ಮಾರನೆಯ ನೀರು ಇಲ್ಲ. ಮರಳಿನ ಪದರ ಬೇಗ ಒಣಗುತ್ತದೆ, ಗುಂಗುರಿಗೆ ಮೊಟ್ಟೆಯಿಡಲು ನೆಲೆ ಸಿಗುವುದಿಲ್ಲ. ಖರ್ಚು ಸೊನ್ನೆ. ಇಂಥ ಮಾಹಿತಿಯನ್ನು ಕಿವಿಗೆ ಹಾಕಿಕೊಂಡ ಮೇಲೆ ಏನೂ ಗೊತ್ತಿಲ್ಲದವರಂತೆ ಚೊಂಬು ಎತ್ತುವುದು ಬಹಳ ಕಷ್ಟವಾಗುತ್ತದೆ. ನನಗೆ ಎರಡು ದಿನ ಬೇಕಾಯಿತು.

ಶ್ರಾವಣ ಬರುವ ಹೊತ್ತಿಗೆ 98 ಕುಳಿಗಳಲ್ಲಿ ಹದಿನಾಲ್ಕು ಸಸಿ ಉಳಿದಿರುತ್ತವೆ. ಇವು ಗಟ್ಟಿಪಿಂಡಗಳು. ಒಂದೊಂದನ್ನೂ ಅದರ ಮಣ್ಣಿನ ಸಮೇತ, ಮಣ್ಣು ಬಿಟ್ಟರೆ ಏನೂ ಉಪಯೋಗವಿಲ್ಲ, ಕಾಗದದ ಲೋಟಕ್ಕೆ ವರ್ಗಾಯಿಸಿ. ಚೆನ್ನಾಗಿ ನೀರು ಹಾಕಿ. ಲೋಟಕ್ಕೆ ಅರಿಸಿನ ಬಣ್ಣದ ರಿಬ್ಬನ್ ಕಟ್ಟಿ. ವರಮಹಾಲಕ್ಷ್ಮಿಯ ಸಂಜೆ ಕುಂಕುಮಕ್ಕೆ ಬರುವ ಅಕ್ಕಪಕ್ಕದವರಿಗೆ ಎಲೆ, ಅಡಕೆ, ತೆಂಗಿನಕಾಯಿ, ರವಿಕೆ ಬಟ್ಟೆಯ ಜೊತೆ ಒಂದೊಂದು ಕೊಡಿಸಿ. ಪ್ಲಾಸ್ಟಿಕ್ ಡಬ್ಬಿ ಕೊಡುವುದಕ್ಕಿಂತ ಇದು ಎಷ್ಟೋ ಮೇಲು ಎಂದು ಎಲ್ಲರೂ ಹೊಗಳುತ್ತಾರೆ. ‘ದಿನಾ ನೀರು ಹಾಕಬೇಕಾ?’ ಎಂದು ಎರಡನೆಯ ಮಹಡಿಯವರು ಕೇಳಿಯೇ ಕೇಳುತ್ತಾರೆ. ‘ಮರೀಬೇಡಿ’ ಎನ್ನಿ.

ವರಮಹಾಲಕ್ಷ್ಮಿಯಿಂದ ಗಣೇಶನ ಹಬ್ಬಕ್ಕೆ ಸುಮಾರು ಮೂರು ವಾರ. ಒಂದು ತಲೆಮಾರಿಗೆ ಬೇಕಾದಷ್ಟೇ ಸಮಯ. ಹಬ್ಬದ ದಿನ ಗಣಪತಿ ನೋಡಲು ಎರಡನೆಯ ಮಹಡಿಗೆ ಇಳಿಯಿರಿ. ಕಾಫಿ ಕೊಟ್ಟರೆ ಲೋಟದ ಬಾಯಿಗೆ ಅಂಗೈ ಮುಚ್ಚಿಕೊಂಡು ಕುಡಿಯಿರಿ. ‘ಯಾಕೋ ಈ ಸಲ ಮನೇಲಿ ನೊಣ ಜಾಸ್ತಿ ಆಗಿದೆ ಕಣ್ರೀ’ ಎಂದು ಅವರು ಮುಖದ ಮುಂದೆ ಕೈ ಬೀಸಿದಾಗ ಗಂಭೀರವಾಗಿ ಸುತ್ತ ನೋಡಿ, ಬಾಳೆಹಣ್ಣನ್ನು ಫ್ರಿಜ್ಜಿನೊಳಗೆ ಇಡಲು ಹೇಳಿ.